ಗುಲಾಬಿಗೆ ಸಲಾಯಿನ್ ಹಚ್ಚಿದ ಸಿಸ್ಟರ್

ಸಿಸ್ಟರ್ ತೀರಿಕೊಂಡ ವಾರದಲ್ಲಿ ನಮ್ಮ ಕಟ್ಟಡದ ಕೆಳಗೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಒಂದು ಶೋಕಸಭೆ ಮಾಡಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿ, ಫೋಟೋಕ್ಕೆ ಪೇಟೆಯ ಹಾರ ಹಾಕಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ‘ಬಹಳ ಶಾಂತ ಸ್ವಭಾವದವರು’ ಅಂದರು ಒಬ್ಬರು. ‘ಯಾರಿಗೂ ಎಂದೂ ತ್ರಾಸ ಕೊಟ್ಟವರಲ್ಲ’ ಅಂದರು ಇನ್ನೊಬ್ಬರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಸತ್ತವರೇ ಎದ್ದು ಬಂದು ನಗುವಷ್ಟು ಸುಳ್ಳು ಆಡಬಾರದು.

ತ್ರಾಸ ಕೊಟ್ಟವರಲ್ಲವಂತೆ! ಅವರ ತ್ರಾಸ ತಾಳಲಾರದೆ ಮೇಲಿನ ಮನೆಯ ಬಾಡಿಗೆಯವರು ಗಂಟುಮೂಟೆ ಕಟ್ಟಿಕೊಂಡು ಬುಧಗಾಂವಕ್ಕೆ ಹೋದದ್ದು ಎಲ್ಲರಿಗೂ ಮರೆತುಹೋಯಿತೇ? ನನಗೆ ಮರೆತಿಲ್ಲ. ಎದುರು ಬಾಗಿಲಲ್ಲಿ ಇದ್ದವಳು ನಾನು. ಆ ಹೆಂಗಸು ನನ್ನ ತಲೆ ತಿಂದಷ್ಟು ನನ್ನ ಅತ್ತೆಯೂ ತಿಂದಿಲ್ಲ, ನನ್ನ ಶಾಲೆಯ ಮಕ್ಕಳೂ ತಿಂದಿಲ್ಲ. ಅದನ್ನು ಇದ್ದದ್ದು ಇದ್ದ ಹಾಗೆ ಯಾರಾದರೂ ಹೇಳಬೇಕಲ್ಲ ಎಂದು ಬರೆಯಲು ಕೂತಿದ್ದೇನೆ.

ಸಿಸ್ಟರ್ ಸಲಗರೆ ಕಡೆಯ ಜೈನ ಮನೆತನದವರು. ಮಿರಜಿನ ಒಂದು ದೊಡ್ಡ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಆಯುಷ್ಯ ಕಳೆದರು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಸಾಂಗ್ಲಿ–ಮಿರಜ ರಸ್ತೆಯ ಪಕ್ಕ, ನಿನ್ನೆ ಮೊನ್ನೆಯವರೆಗೆ ಕಬ್ಬು ಇದ್ದ ಹೊಲದಲ್ಲಿ ದಿಢೀರನೆ ಎದ್ದು ನಿಂತ ನಮ್ಮ ಕಟ್ಟಡದಲ್ಲಿ ಮನೆ ಕೊಂಡರು. ಆಗ ಆ ರಸ್ತೆಯುದ್ದಕ್ಕೂ ಕಟ್ಟಡಗಳು ಮಳೆಗಾಲದ ಅಣಬೆಗಳಂತೆ ಏಳುತ್ತಿದ್ದವು. ಮೂಲೆಗೊಂದು ಎಸ್‌ಟಿಡಿ ಬೂತು, ಮನೆಗೊಂದು ಬಣ್ಣದ ಟಿವಿ. ನಮ್ಮ ಸೊಸೈಟಿಯ ಸೆಕ್ರೆಟರಿ ಅಂತ ಹೆಸರು ನನ್ನ ಗಂಡನದು, ಎಲ್ಲರಿಂದ ಬೈಸಿಕೊಳ್ಳುವ ಕೆಲಸ ನನ್ನದು.

ಬಂದ ಹೊಸದರಲ್ಲಿ ನಾನು ಮರ್ಯಾದೆಗೆ, ಚಿಕ್ಕಮ್ಮ ಅನ್ನುವ ಮರಾಠಿ ಮಾತಿನಲ್ಲಿ, ‘ಮಾವಶಿ, ಚಹಾ ಕುಡೀತೀರೇನ್ರಿ’ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

“ಮಾವಶಿ ಅಂದರ ನಮ್ಮ ವಾರ್ಡಿನಾಗ ನೆಲ ಒರಸೋಕಿ. ನಾ ಸಿಸ್ಟರ್. ಸಿಸ್ಟರ್ ಅನ್ನು.”

ಅಂದಿನಿಂದ ಎಪ್ಪತ್ತೈದು ದಾಟಿದ ನನ್ನ ಅತ್ತೆಯೂ ಅವರನ್ನು ಸಿಸ್ಟರ್ ಎಂದೇ ಕರೆಯತೊಡಗಿದರು. ನಿವೃತ್ತಿಯಾದವರು ಆಸ್ಪತ್ರೆ ಬಿಟ್ಟು ಬಂದಿದ್ದರೇ ಹೊರತು ವಾರ್ಡನ್ನು ಬಿಟ್ಟು ಬಂದಿರಲಿಲ್ಲ. ಅದನ್ನು ನಮ್ಮ ತಾರಸಿಯ ಮೇಲೆ ತೆರೆದರು. ಸಾಂಗ್ಲಿಯಲ್ಲಿ ತಾರಸಿಗೆ ಗಚ್ಚಿ ಅನ್ನುತ್ತಾರೆ. ಆ ಗಚ್ಚಿಯ ಬಿಸಿಲು ಬೀಳುವ ಅರ್ಧ ಭಾಗದಲ್ಲಿ ಗುಲಾಬಿ, ಮೋಗರಾ ಮಲ್ಲಿಗೆ, ಶೇವಂತಿಯ ಕುಂಡಗಳು ಸಾಲಾಗಿ ನಿಂತವು. ಪ್ರತಿ ಕುಂಡದ ಪಕ್ಕ ಒಂದು ಬಿದಿರು ಗಳ, ಗಳಕ್ಕೆ ತಲೆಕೆಳಗಾಗಿ ಕಟ್ಟಿದ ಹಳೇ ಸಲಾಯಿನ್ ಬಾಟಲಿ, ಬಾಟಲಿಯಿಂದ ಇಳಿದ ನಳಿಕೆ ಗಿಡದ ಬುಡಕ್ಕೆ. ಸಿಸ್ಟರ್ ಕೈಗಡಿಯಾರ ನೋಡುತ್ತ ಹನಿ ಬೀಳುವ ವೇಗ ಹೆಚ್ಚು ಕಡಿಮೆ ಮಾಡುತ್ತ ಒಂದೊಂದೇ ಗಿಡದ ಮುಂದೆ ನಿಲ್ಲುತ್ತಿದ್ದರು. ಟಿವಿಯ ಅಂಟೆನಾ ಸರಿಮಾಡಲು ಬಂದವನೊಬ್ಬ ಇದನ್ನು ಕಂಡು ಮೆಟ್ಟಿಲ ಮೇಲೇ ನಿಂತು, “ಯಾರಿಗೆ ಆರಾಮಿಲ್ರಿ?” ಎಂದು ಕೇಳಿದ್ದ.

ಬಾಟಲಿಯಲ್ಲಿ ಇರುತ್ತಿದ್ದದ್ದು ಅವರೇ ಮಾಡುತ್ತಿದ್ದ ಗೊಬ್ಬರದ ಕಷಾಯ. ಗಚ್ಚಿಯ ಮೂಲೆಯ ಡ್ರಮ್ಮಿನಲ್ಲಿ ಎಲೆ, ಸಿಪ್ಪೆ, ಸಗಣಿ ಹಾಕಿ ತಿಂಗಳುಗಟ್ಟಲೆ ಕೊಳೆಸಿ ಕಪ್ಪು ಪುಡಿಯಂಥ ಗೊಬ್ಬರ ಮಾಡಿಕೊಳ್ಳುತ್ತಿದ್ದರು. ಅದನ್ನು ಹಳೇ ದಿಂಬಿನ ಚೀಲದಲ್ಲಿ ಕಟ್ಟಿ ಬಕೆಟ್ಟಿನ ನೀರಿಗೆ ಇಳಿಬಿಡುವುದು. ನಳದ ನೀರು ನೇರ ಹಾಕುವಂತಿಲ್ಲ, ಔಷಧಿ ವಾಸನೆ ಹೋಗುವ ತನಕ ಒಂದು ದಿನ ಬಿಸಿಲಿಗೆ ಇಡಬೇಕು. ಮೇಲೆ ಒಂದು ಹೆಂಟೆ ಬೆಲ್ಲ. ಆಮೇಲೆ ಇಡೀ ದಿನ ಕೋಲಿನಿಂದ ತಿರುವುತ್ತಿರಬೇಕು. ಗಾಳಿ ಆಡಿದರೆ ನೊರೆ ಬಂದು, ಮೊದಲ ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ. ಗಾಳಿ ಆಡದಿದ್ದರೆ ಏನು ವಾಸನೆ ಬರುತ್ತದೆ ಎಂದು ನನ್ನನ್ನು ಕೇಳಬೇಡಿ.

ಯಾಕೆಂದರೆ ಮೊದಲನೇ ವರ್ಷ ಅದು ಬಂತು. ಅವರ ಅಣ್ಣನ ಮಗ ಮೀನಿನ ಪೆಟ್ಟಿಗೆಗೆ ಗಾಳಿ ಊದುವ ಸಣ್ಣ ಪಂಪೊಂದನ್ನು ತಂದುಕೊಟ್ಟಿದ್ದ. ಅದನ್ನು ಬಕೆಟ್ಟಿಗೆ ಬಿಟ್ಟು ಸಿಸ್ಟರ್ ಮ್ಹೈಸಾಳದ ಯಾವುದೋ ಮದುವೆಗೆ ಹೋದರು. ಹೋದದ್ದೇ ತಡ, ಕರೆಂಟು ಹೋಯಿತು. ಲೋಡ್‌ಶೆಡ್ಡಿಂಗಿಗೆ ಹೇಳುವವರು ಕೇಳುವವರು ಇಲ್ಲದ ಬೇಸಿಗೆ ಅದು. ಅವರು ತಿರುಗಿ ಬರುವ ಹೊತ್ತಿಗೆ ನಮ್ಮ ಮನೆಗೆ ನನ್ನ ಗಂಡನ ಸಾಹೇಬರು ಊಟಕ್ಕೆ ಬಂದಿದ್ದರು. ಸಿಸ್ಟರ್ ಬಕೆಟ್ಟು ಮೂಸಿ ನೋಡಿ, “ಒಳಗಿನ ಜೀವ ಎಲ್ಲಾ ಸತ್ತಾವ” ಎಂದು ಹೇಳಿ ಎಲ್ಲವನ್ನೂ ಗಚ್ಚಿಯ ಮೋರಿಗೆ ಸುರಿದರು. ಮೋರಿಯ ಪೈಪು ಇಳಿಯುವುದು ನಮ್ಮ ಊಟದ ಮನೆಯ ಕಿಟಕಿಯ ಪಕ್ಕದಲ್ಲಿ. ಸಾಹೇಬರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಆಮೇಲೆ ಪಂಪು ಅಟ್ಟ ಸೇರಿತು. ಗಚ್ಚಿಯ ಬಾಗಿಲಿಗೆ ಒಂದು ಪಾಟಿ ತೂಗುಬಿತ್ತು. ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ: ‘ಬಂದವರು ತಿರುವಿ ಹೋಗತಕ್ಕದ್ದು.’ ಬಟ್ಟೆ ಒಣಹಾಕಲು ಹೋದವರು, ಹಪ್ಪಳ ಹಾಕಲು ಹೋದವರು, ಗಂಡನೊಡನೆ ಜಗಳವಾಡಿ ಅಳಲು ಹೋದವರು, ಎಲ್ಲರೂ ಕೋಲು ಹಿಡಿಯಬೇಕು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಸುಳಿ ಬೀಳುವಂತೆ. ತಿರುವದೆ ಇಳಿದರೆ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ಬಾಗಿಲು ಬಡಿಯುತ್ತಿದ್ದರು. “ಬಟ್ಟಿ ಒಣಗಿದುವು? ಚಲೋ ಆತು. ನನ್ನ ಬಕೀಟು?”

ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಗಿಡಗಳಿಗೂ ಪಥ್ಯ ಇತ್ತು. ಸಿಸ್ಟರ್ ಕಟ್ಟಾ ಜೈನರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ, ಒಟ್ಟಿನಲ್ಲಿ ನೆಲದೊಳಗೆ ಬೆಳೆದದ್ದು ಯಾವುದೂ ಅವರ ಬಾಯಿಗೆ ಹೋಗುತ್ತಿರಲಿಲ್ಲ, ಆದ್ದರಿಂದ ಅದರ ಸಿಪ್ಪೆಯೂ ಅವರ ಡ್ರಮ್ಮಿಗೆ ಹೋಗುವಂತಿಲ್ಲ. ಸಿಪ್ಪೆ ಕೊಡುವ ಮನೆಗಳೆಲ್ಲ ಎರಡು ಡಬ್ಬಿ ಇಡಬೇಕು, ಮೇಲೆ ಬೆಳೆದದ್ದಕ್ಕೆ ಒಂದು, ಕೆಳಗೆ ಬೆಳೆದದ್ದಕ್ಕೆ ಒಂದು. ಗುಲಾಬಿಗೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಷಾಯ ಸಿದ್ಧವಾದ ದಿನವೇ, ದೀಪ ಹಚ್ಚುವ ಮೊದಲೇ, ಎರಡು ಪದರ ಧೋತರದಲ್ಲಿ ಸೋಸಿ ಗಿಡಕ್ಕೆ ಹಾಕಿ ಮುಗಿಸಬೇಕು. ಬಟ್ಟೆಯಲ್ಲಿ ಉಳಿದ ಗಷ್ಟವನ್ನು ಕೂಡ ಎಸೆಯದೆ ಡ್ರಮ್ಮಿಗೇ ಮರಳಿಸಬೇಕು.

ಒಮ್ಮೆ ನಾನು, ವಿಜ್ಞಾನ ಪಾಠ ಮಾಡುವವಳ ಸೊಕ್ಕಿನಿಂದ, ಕೆಣಕಿದೆ. “ಸಿಸ್ಟರ್, ಈ ಬಕೀಟಿನಾಗ ಕೋಟಿಗಟ್ಟಲೆ ಸೂಕ್ಷ್ಮಜೀವಿ ಅದಾವ್ರಿ. ನೀವು ನೋಡಿದ್ರ ಇರಿವಿ ದಾಟಿ ನಡೀತೀರಿ. ಇವನ್ನೆಲ್ಲ ಸುರುವಿ ಕೊಂದರ ಪಾಪ ಬರೂದಿಲ್ಲೇನ್ರಿ?”

“ಕೊಲ್ಲತೀನೇನು? ಮನಿಗೆ ಕಳಸತೀನಿ. ಮಣ್ಣ ಅವುರ ಮನಿ. ಅದಕ್ಕ ಲಗೂನ ಕಳಸಬೇಕು ಅನ್ನೂದು. ಬಕೀಟಿನಾಗ ಇಟಗೊಂಡು ಕುಂತರ ಅವು ಸಾಯ್ತಾವ, ಆ ಪಾಪ ತಿರುವಲಾರದಾಕಿಗೆ ಬರತೈತಿ.” ಹಾಗೆನ್ನುತ್ತ ಕೋಲು ನನ್ನ ಕೈಗೆ ಕೊಟ್ಟರು.

ಇಷ್ಟೆಲ್ಲ ಮಾಡಿ ಬೆಳೆದ ಹೂ ನಮಗೆ ಯಾರಿಗಾದರೂ ಸಿಗುತ್ತಿತ್ತೇ? ಇಲ್ಲ. ನಾಲ್ಕಾರು ದಿನಕ್ಕೊಮ್ಮೆ ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಹೂ ಜೋಡಿಸಿಕೊಂಡು, ಅವರು ಬಸ್ಸು ಹತ್ತಿ ಮಿರಜಿನ ತಮ್ಮ ಹಳೇ ವಾರ್ಡಿಗೆ ಹೋಗುತ್ತಿದ್ದರು. ಹೆಣ್ಣು ಹೆತ್ತವರ ತಲೆಗೆ ಮುಡಿಸಲು. ಗಂಡು ಹುಟ್ಟಿದರೆ ಪೇಢೆಯ ಪೊಟ್ಟಣ ಹಿಡಿದು ಓಡಿ ಬರುವ ಜನ ಹೆಣ್ಣು ಹುಟ್ಟಿದರೆ ಬಸ್ಸು ಸಿಗಲಿಲ್ಲ ಅನ್ನುತ್ತಾರೆ ಎಂಬುದು ಅವರು ನೌಕರಿಯುದ್ದಕ್ಕೂ ಕಂಡ ಸಂಗತಿ. ನೌಕರಿಯಲ್ಲಿದ್ದಾಗ ಸುರುಮಾಡಿದ್ದು, ನಿಂತಿರಲಿಲ್ಲ. ಈಗ ವಾರ್ಡಿನಲ್ಲಿ ಇದ್ದವರೆಲ್ಲ ಅವರ ಕೈಕೆಳಗೆ ಕಲಿತವರು, ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಹೆತ್ತವಳ ಅತ್ತೆ ಗೊಣಗಿದರೆ ಆ ಅತ್ತೆಗೂ ಒಂದು ಹೂ ಮುಡಿಸಿ ಬರುತ್ತಿದ್ದರಂತೆ. ನಮ್ಮ ದೇವರಿಗೆ ಮಾತ್ರ ನಾನು ದಿನಾ ಪೇಟೆಯಿಂದ ಹೂ ಕೊಂಡು ತರುತ್ತಿದ್ದೆ.

ಹೀಗಿರುವಾಗ ಸೊಸೈಟಿಯ ಸಭೆಯಲ್ಲಿ ಗಚ್ಚಿಯ ಮಾತು ಬಂತು. ಕೇಬಲ್ಲಿನವನೊಬ್ಬ ಇಡೀ ಗಲ್ಲಿಗೆ ಸಾಲುವ ದೊಡ್ಡ ಡಿಶ್ ಕೂರಿಸಲು ಜಾಗ ಹುಡುಕುತ್ತಿದ್ದ. ನಮ್ಮ ಗಚ್ಚಿ ಕೊಟ್ಟರೆ ನಮ್ಮ ಮನೆಗಳಿಗೆಲ್ಲ ಕೇಬಲ್ ಪುಕ್ಕಟೆ. ಅವನಿಗೆ ಬೇಕಾದ ಜಾಗವೋ, ಸರಿಯಾಗಿ ಸಿಸ್ಟರಿನ ವಾರ್ಡು. ಅಧ್ಯಕ್ಷರಾದ ಕೆಳಗಿನ ಮನೆಯ ಕಾಕಾ ಕ್ರಿಕೆಟ್ಟಿಗಾಗಿ ಜೀವ ಬಿಡುವವರು. ಅವರು ಮರಾಠಿಯಲ್ಲಿ ದೊಡ್ಡ ಭಾಷಣವನ್ನೇ ಮಾಡಿದರು. ಸಿಸ್ಟರ್ ಕೊನೆಯವರೆಗೆ ಕೇಳಿ, ತಾವೂ ಮರಾಠಿಯಲ್ಲೇ, ನಮ್ಮ ಊರಿನ ಪುಷ್ಪಪ್ರದರ್ಶನದಲ್ಲಿ ಬಹುಮಾನ ತರುವ ಕಟ್ಟಡಕ್ಕೆ ಗಚ್ಚಿಯ ತೋಟ ಶೋಭೆಯೋ ಅಲ್ಲವೋ ಎಂದು ಕೇಳಿದರು. ಕಾಕಾ ನಕ್ಕು, ಬಹುಮಾನ ತಂದು ತೋರಿಸಿರಿ, ಡಿಶ್ ಬೇಡ ಅಂದೇವು, ಎಂದರು. ಅದು ಠರಾವಿನಲ್ಲಿ ಸೇರಿತು. ಆ ಡಿಶ್ ಇವತ್ತಿಗೂ ನಮ್ಮ ಗಚ್ಚಿಯ ಮೇಲೆ ಬಾಯಿ ತೆರೆದು ಕೂತಿದೆ ಅಂದ ಮೇಲೆ ಬಹುಮಾನದ ಗತಿ ಏನಾಯಿತೆಂದು ನಿಮಗೆ ತಿಳಿದಂತಾಯಿತು. ಕುಂಡಗಳೆಲ್ಲ ಕೆಳಗೆ ಕಾಂಪೌಂಡ್ ಗೋಡೆಯ ನೆರಳಿಗೆ ಬಂದವು. ಬಿಸಿಲು ಇಲ್ಲದೆ ವರ್ಷವೆರಡರಲ್ಲಿ ಗುಲಾಬಿಗಳು ಒಂದೊಂದಾಗಿ ಹೋದವು, ಸಿಸ್ಟರಿನ ಡಬ್ಬಿಯಲ್ಲಿ ಕೊನೆಗೆ ಉಳಿದದ್ದು ನೆರಳಿಗೂ ಬರುವ ಅಬೋಲಿ, ಅಂದರೆ ಕನಕಾಂಬರ, ಮಾತ್ರ.

ಆದರೆ ಸೋತದ್ದು ಹೇಗೆ ಎಂಬುದನ್ನು ಹೇಳಬೇಕು. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಠರಾವಾದ ಮೊದಲ ಚಳಿಗಾಲ ನನ್ನ ಅತ್ತೆ ಕೆಡಿಸಿದರು. ಕಣ್ಣು ಮಂಜಾಗಿದ್ದ ಅವರು ಡಬ್ಬಿ ಅದಲುಬದಲು ಮಾಡಿ ಉಳ್ಳಾಗಡ್ಡಿ ಸಿಪ್ಪೆಯನ್ನು ಡ್ರಮ್ಮಿಗೆ ಹಾಕಿಬಿಟ್ಟರು. ಪ್ರದರ್ಶನಕ್ಕೆ ತಿಂಗಳು ಉಳಿದಿತ್ತು, ಗಿಡಗಳೆಲ್ಲ ಮೊಗ್ಗು ಹಿಡಿದು ಹಸಿದು ನಿಂತಿದ್ದವು. ಸಿಸ್ಟರ್ ಇಡೀ ಡ್ರಮ್ಮಿನ ಗೊಬ್ಬರವನ್ನು ಹೊರಿಸಿ ಪಕ್ಕದ ಕಬ್ಬಿನ ಹೊಲಕ್ಕೆ ಹಾಕಿಸಿದರು.

“ಗುಲಾಬಿಗೆ ಏನ ತಿಳೀತೈತ್ರಿ ಸಿಸ್ಟರ್, ಉಳ್ಳಾಗಡ್ಡಿ ಯಾವುದು, ಬದನಿಕಾಯಿ ಯಾವುದು?” ಎಂದು ನಾನು ಹೊಯ್ಕೊಂಡೆ.

“ಗುಲಾಬಿಗೆ ತಿಳಿಯೂದಿಲ್ಲ. ಮೊಣಕೈ ಮಟ ಕೈ ಹಾಕಾಕಿ ನಾ. ನನಗ ತಿಳೀತೈತಿ.”

ಆ ವರ್ಷ ಬಹುಮಾನದ ಕಪ್ಪು ಗೆದ್ದದ್ದು ಅರಿಶಿನದ ದೊಡ್ಡ ವ್ಯಾಪಾರಿಯೊಬ್ಬರ ಬಂಗಲೆಯವರು. ಅವರ ತೋಟದ ಮಾಳಿ ಪರದೇಶದ ಪೊಟ್ಟಣದ ಗೊಬ್ಬರ ಹಾಕುತ್ತಿದ್ದ. ಅಂಥ ಪೊಟ್ಟಣಗಳು ಆಗ ತಾನೇ ನಮ್ಮ ಪೇಟೆಗೆ ಬರತೊಡಗಿದ್ದವು. ನಾನು ಕದ್ದು ಒಂದು ಪೊಟ್ಟಣ ತಂದು ಮುಂದಿಟ್ಟೆ. ಸಿಸ್ಟರ್ ಅದನ್ನು ಬಿಚ್ಚದೆ ವಾಪಸು ಮಾಡಿಸಿದರು. ಕಾಕಾ ದಯೆ ತೋರಿಸಿ ಇನ್ನೊಂದು ವರ್ಷ ಅವಕಾಶ ಕೊಟ್ಟರು. ಇದೇ ಕಡೆಯದು ಎಂದೂ ಹೇಳಿದರು.

ಆ ಇನ್ನೊಂದು ವರ್ಷ ನಾನು ಹಟಕ್ಕೆ ಬಿದ್ದೆ. ಶಾಲೆಗೆ ಹೋಗುವ ಮೊದಲು ತಿರುವಿದೆ, ಬಂದು ತಿರುವಿದೆ. ಅತ್ತೆಯ ಡಬ್ಬಿಯನ್ನು ನಾನೇ ತಪಾಸಣೆ ಮಾಡಿದೆ. ಒಂದು ಕುಂಡದಲ್ಲಿ ಒಂದೇ ಹೂ ನಿಲ್ಲಿಸುವ ವಿಭಾಗಕ್ಕೆ ಒಂದು ಗುಲಾಬಿಯನ್ನು ಆರಿಸಿದೆವು. ಅದರ ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿ, ಇಡೀ ಗಿಡದ ಶಕ್ತಿ ಒಂದೇ ಮೊಗ್ಗಿಗೆ ಹೋಗುವಂತೆ ಮಾಡಬೇಕಿತ್ತು. ಚಿವುಟುವ ದಿನ ಸಿಸ್ಟರ್ ಮುಖ ಆಚೆ ತಿರುಗಿಸಿ ನಿಂತರು. “ನೀ ಚಿವುಟು ತಂಗಿ. ಈ ಪಾಪ ನಿನ್ನ ಪಾಲಿಗೆ ಇರಲಿ.” ಚಿವುಟಿದೆ. ಏನು ಮಾಡಲಿ, ಪಾಪವೂ ನನ್ನದೇ, ಕಪ್ಪೂ ನನ್ನದೇ ಅಂದುಕೊಂಡೆ.

ಮೊಗ್ಗು ಬಿರಿಯಿತು. ತಿಳಿಹಳದಿ ಬಣ್ಣ, ಅಂಚಿಗೆ ಮಾತ್ರ ಕೆಂಪು, ಅಂಗೈ ಅಗಲ. ನಾನು ಅಂಥ ಹೂ ಅಲ್ಲಿಯ ತನಕ ಕಂಡಿರಲಿಲ್ಲ. ಕಾಕಾ ಕೂಡ ಮೇಲೆ ಬಂದು ನೋಡಿ, ಪಾಟಿಯ ಅಪ್ಪಣೆಯಂತೆ ಬಕೆಟ್ಟು ತಿರುವಿ ಇಳಿದುಹೋದರು. ಪ್ರದರ್ಶನದ ಹಿಂದಿನ ದಿನ ಸಿಸ್ಟರ್ ಮಿರಜಿನಿಂದ ಮುಖ ಸಣ್ಣದು ಮಾಡಿಕೊಂಡು ಬಂದರು. ನಾಲ್ಕು ಸಲ ಕೇಳಿದ ಮೇಲೆ ಹೇಳಿದರು: ಜತ್ತ ಕಡೆಯಿಂದ ಕಬ್ಬು ಕಡಿಯಲು ಬಂದ ಒಬ್ಬಳು ಹೆತ್ತಿದ್ದಾಳೆ, ಈ ಸಲವೂ ಹೆಣ್ಣು. ಗಂಡ ನೋಡಲು ಬಂದಿಲ್ಲ. ಅವಳೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಕೂಸಿಗೆ ಮೊಲೆ ಕೊಡುತ್ತಿಲ್ಲ. ಸಿಸ್ಟರ್ ಶೇವಂತಿ ಮುಡಿಸಿದರೆ ಕಿತ್ತು ನೆಲಕ್ಕೆ ಒಗೆದಳಂತೆ.

“ನಾಳೆ ಇನ್ನೊಮ್ಮೆ ಹೋಗಿ ಬರ್ರಿ, ಆದ್ರ ಪ್ರದರ್ಶನ ಮುಗದ ಮ್ಯಾಲ” ಎಂದೆ. ಅವರು ತಮ್ಮ ಸ್ಟೀಲಿನ ಡಬ್ಬಿ ತೊಳೆಯಲು ಎದ್ದು ಹೋದರು.

ಮರುದಿನ ಬೆಳಿಗ್ಗೆ ಕೆಳಗೆ ರಿಕ್ಷಾ ನಿಲ್ಲಿಸಿ, ಕುಂಡಕ್ಕೆ ಹಾಸಲು ಗೋಣಿಚೀಲ ಹಿಡಿದು ಗಚ್ಚಿಗೆ ಹೋದೆ. ಗಿಡ ಇತ್ತು. ಸಲಾಯಿನ್ ಹನಿ ಹನಿಯಾಗಿ ಇಳಿಯುತ್ತಿತ್ತು. ಹೂ ಇರಲಿಲ್ಲ. ಕಳ್ಳತನವೆಂದು ಕೂಗಿ ಇಡೀ ಕಟ್ಟಡವನ್ನು ಎಬ್ಬಿಸಿದೆ. ಆಮೇಲೆ ದಂಟನ್ನು ನೋಡಿದೆ. ಐದೆಲೆಯ ಗೊಂಚಲಿಗೆ ಸ್ವಲ್ಪ ಮೇಲೆ, ಓರೆಯಾಗಿ, ಒಂದೇ ಏಟಿಗೆ ಕತ್ತರಿಸಿದ್ದರು. ಕಳ್ಳರು ಅಷ್ಟು ಜೋಪಾನವಾಗಿ ಕತ್ತರಿಸುವುದಿಲ್ಲ. ಅತ್ತೆ ಕೆಳಗಿನಿಂದ ಕೂಗಿ ಹೇಳಿದರು: “ಸಿಸ್ಟರ್ ಆಗಳೇ ಡಬ್ಬಿ ತಗೊಂಡು ಬಸ್ಸಿಗೆ ಹೋದರಲ್ಲ!”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಉಣ್ಣಿಸುವವರೇ ತುತ್ತು ಕಸಿದುಕೊಂಡು ಓಡಿದ್ದರು. ಕುಂಡಕ್ಕೆಂದು ತಂದ ರಿಕ್ಷಾದಲ್ಲೇ ನಾನು ಮಿರಜಿಗೆ ಹೊರಟೆ. ಹೂವನ್ನು ವಾಪಸು ತರಬೇಕು, ದಂಟಿಗೆ ಸಣ್ಣ ಕಡ್ಡಿ ಕೊಟ್ಟು ದಾರದಿಂದ ಕಟ್ಟಬೇಕು, ಪರೀಕ್ಷಕರು ಹತ್ತಿರ ಬಂದು ನೋಡದಂತೆ ಅಡ್ಡ ನಿಲ್ಲಬೇಕು. ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕಿದೆ. ನಾಚಿಕೆಯೇನೂ ಆಗಲಿಲ್ಲ. ಆ ಹೂವಿಗಾಗಿ ನಾನು ಎಷ್ಟು ತಿರುವಿದ್ದೆ ಎಂಬುದು ನನಗೆ ಗೊತ್ತು.

ವಾರ್ಡಿನ ಕೊನೆಯ ಮಂಚದ ಹತ್ತಿರ ಸಿಸ್ಟರ್ ನಿಂತಿದ್ದರು. ಮಂಚದ ಮೇಲಿದ್ದವಳಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಎಣ್ಣೆ ಕಾಣದ ತೆಳ್ಳಗಿನ ಕೂದಲು. ಅಷ್ಟು ದೊಡ್ಡ ಗುಲಾಬಿ ಆ ಕೂದಲಲ್ಲಿ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಅದಕ್ಕೆ ಸಿಸ್ಟರ್ ಅದನ್ನು ಪಿನ್ನಿನ ಮೇಲೆ ಪಿನ್ನು ಚುಚ್ಚಿ, ಸಾಲದ್ದಕ್ಕೆ ಗಾಯಕ್ಕೆ ಹಚ್ಚುವ ಚಿಕಟುಪಟ್ಟಿಯಿಂದ ಜಡೆಗೆ ಅಂಟಿಸಿಬಿಟ್ಟಿದ್ದರು. ಆ ಹುಡುಗಿ ಗೋಡೆಯ ಕಡೆ ತಿರುಗಿರಲಿಲ್ಲ. ಒಂದು ಕೈಯಲ್ಲಿ ಕೂಸನ್ನು ಎದೆಗೆ ಹಿಡಿದಿದ್ದಳು. ಇನ್ನೊಂದು ಕೈಯನ್ನು ತಲೆಯ ಹಿಂದೆ ಒಯ್ದು, ಹೂ ಎಲ್ಲಿ ಸುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಬೆರಳಿನಿಂದ ಹುಡುಕುತ್ತಿದ್ದಳು.

ನಾನು ಸಿಸ್ಟರಿನ ರಟ್ಟೆ ಹಿಡಿದು ವರಾಂಡಕ್ಕೆ ಎಳೆದು ತಂದೆ.

“ಗಚ್ಚಿ ಹೋತ್ರಿ ಸಿಸ್ಟರ್! ತಿಳೀತೈತಿಲ್ಲ ನಿಮಗ? ನಾಳೆ ಡಿಶ್ ಬರತೈತಿ. ಗಿಡ ಎಲ್ಲಿ ಇಡತೀರಿ? ಇನ್ನ ಮುಂದ ಯಾರಿಗೆ ಏನ ಮುಡಸತೀರಿ?”

“ತಿಳೀತೈತಿ.”

“ಬ್ಯಾರೆ ಗುಲಾಬಿ ಇದ್ದಿಲ್ಲೇನ್ರಿ? ಆ ಕೆಂಪು ಗಿಡದ ತುಂಬ ಹೂ ಅದಾವು. ಗುಲಾಬಿ ಬಣ್ಣದ್ದು ಅದಾವು. ಶೇವಂತಿ ಬೇಕಾದಷ್ಟು ಅದಾವು. ಇದೊಂದ ಕಣ್ಣಿಗೆ ಬಿತ್ತೇನು?”

“ಇದ್ದವು ತಂಗಿ” ಎಂದರು ಸಿಸ್ಟರ್, ಮಂದಬುದ್ಧಿಯ ಹುಡುಗಿಗೆ ತಿಳಿಸಿ ಹೇಳುವವರಂತೆ. “ಆದ್ರ ಎಲ್ಲಾದರಾಗ ಚಲೋದು ಇದ ಇತ್ತಲ್ಲ.”

ನನ್ನ ಸಿಟ್ಟು ಇಳಿಯಲಿಲ್ಲ. ಅಲ್ಲೇ ಇದ್ದ ಬೆಂಚಿನ ಮೇಲೆ ಕೂತು, ಗೋಣಿಚೀಲವನ್ನು ಮುಖಕ್ಕೆ ಒತ್ತಿ ಹಿಡಿದು, ಗಳಗಳ ಅತ್ತುಬಿಟ್ಟೆ.

ಸಿಸ್ಟರ್ ಬಗ್ಗಿ ನೋಡಿದರು. ಬೆನ್ನು ಸವರುತ್ತಾರೆ ಅಂದುಕೊಂಡೆ.

“ಇಲ್ಲಿ ಅಳಬಾರದು” ಎಂದರು. “ಆಕಿ ಈಗ ಕೂಸಿಗೆ ಕುಡಸಾಕತ್ತಾಳ. ಕೆಳಗ ಹೋಗಿ ಅಳು.”